ಹಳೆಯ ಮೋಟಾರ್ ಸೈಕಲ್ ಕೊಳ್ಳುವ ಮುನ್ನ ಅದರ ವಯಸ್ಸನ್ನು ಪರೀಕ್ಷಿಸುವ ಬಗೆ

ಸಿರ್ಸಿಯ ತೋಟದ ಮನೆಯ ಕೊಟ್ಟಿಗೆಯಿಂದಲೋ ಕಾರವಾರದ ಹಳೆಯ ಬಂಗಲೆಯಿಂದಲೋ ಹೊರಬಂದ ಮೋಟಾರ್ ಸೈಕಲ್ಲನ್ನು ‘1925ರ ಗಾಡಿ’ ಎಂದು ಯಾರಾದರೂ ತೋರಿಸಿದರೆ, ಆ ವರ್ಷ ಇನ್ನೂ ಹುಟ್ಟಿಯೇ ಇರದ ಭಾಗ ಅದರಲ್ಲಿ ಯಾವುದಿದೆ ಎಂಬುದನ್ನು ಮೊದಲು ಹುಡುಕಬೇಕು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಅಮಾಲ್ ಕಾರ್ಬುರೇಟರ್ ತಯಾರಿಸಿದ ಕಂಪನಿ ಸ್ಥಾಪನೆಯಾದದ್ದೇ 1927ರಲ್ಲಿ. ಮುಂಚಕ್ರವನ್ನು ಹಿಡಿಯುವ, ಒಂದರೊಳಗೊಂದು ಜಾರುವ ಕೊಳವೆಗಳ, ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕನ್ನು ಬಿಎಂಡಬ್ಲ್ಯು 1935ರಲ್ಲಿ ತಂದಿತು. ‘ಪ್ಲಸ್’ ತಲೆಯ ಸ್ಕ್ರೂ ಬಳಕೆಗೆ ಬಂದದ್ದೂ ಆ ದಶಕದ ಮಧ್ಯದಲ್ಲಿಯೇ. 1920ರ ದಶಕದ ಕೊನೆಯವರೆಗೆ ರೂಢಿಯಲ್ಲಿದ್ದದ್ದು ನಿಕ್ಕಲ್ ಲೇಪನ. ಅದರ ಹೊಳಪಿನಲ್ಲಿ ತುಸು ಹಳದಿ ಛಾಯೆಯಿರುತ್ತದೆ, ಕ್ರೋಮ್‌ನಂತೆ ನೀಲಿ ಬೆಳ್ಳಗಿರುವುದಿಲ್ಲ.

ಭಾಗ ಬದಲಾದ ಮಾತ್ರಕ್ಕೆ ಮೋಸ ಎನ್ನಲಾಗದು. ಬಿಡಿಭಾಗ ಸಿಗದ ಕಾಲದಲ್ಲಿ ಮಾಲೀಕರು ಸಿಕ್ಕಿದ್ದನ್ನು ಜೋಡಿಸಿ ಓಡಿಸಿದ್ದಾರೆ. ಚೌಕಟ್ಟು ಮತ್ತು ಎಂಜಿನ್ ಮಾತ್ರ ಬೇರೆ ಮಾತು. ಅವುಗಳ ಮೇಲಿನ ಸಂಖ್ಯೆಗೆ ಹೆಚ್ಚು ಸಮಯ ಕೊಡಬೇಕು. ಬಣ್ಣ ಕೆರೆದು, ಹಗಲಿನ ಓರೆ ಬೆಳಕಿನಲ್ಲಿ ನೋಡಿದರೆ, ಅರದಿಂದ ಉಜ್ಜಿ ಮತ್ತೆ ಅಚ್ಚೊತ್ತಿದ ಜಾಗ ಸುತ್ತಲಿನ ಲೋಹಕ್ಕಿಂತ ತಗ್ಗಾಗಿ ಕಾಣುತ್ತದೆ. ಅನೇಕ ಬ್ರಿಟಿಷ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಲೋಹದ ಕವಚದ) ಎರಡು ಹೋಳುಗಳ ತಳಭಾಗದಲ್ಲಿ ಒಂದೇ ಜೋಡಿ ಸಂಖ್ಯೆ ಇರುತ್ತದೆ. ಅವು ಬೇರೆಯಾಗಿದ್ದರೆ ಎರಡು ಎಂಜಿನ್‌ಗಳು ಸೇರಿ ಒಂದಾಗಿವೆ ಎಂದರ್ಥ. ಆರ್‌ಟಿಓ ಕಚೇರಿಗೆ ಕೊಡುವಂತೆಯೇ ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್, ಅಂದರೆ ಚೌಕಟ್ಟಿನ ಸಂಖ್ಯೆಯ ಅಚ್ಚು, ತೆಗೆದುಕೊಳ್ಳಿ. ಬ್ರಿಟನ್ನಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬಿನಲ್ಲಿ ಹಲವು ಕಾರ್ಖಾನೆಗಳ ಹಳೆಯ ದಾಖಲೆಗಳಿದ್ದು, ಆ ಸಂಖ್ಯೆಯನ್ನು ಅವುಗಳೊಡನೆ ತಾಳೆ ನೋಡಿಸಬಹುದು.

ತುಕ್ಕನ್ನೂ ನಂಬಬೇಡಿ. ನಮ್ಮ ಕರಾವಳಿಯ ಉಪ್ಪುಗಾಳಿ ಹತ್ತು ವರ್ಷದ ಗಾಡಿಯನ್ನೂ ಮುದುಕನಂತೆ ಕಾಣಿಸುತ್ತದೆ. ಆದರೆ ಸಹಜ ತುಕ್ಕು ಮಡ್‌ಗಾರ್ಡಿನ ಒಳಗೆ, ಬೆಸುಗೆಯ ಸಂದಿಗಳಲ್ಲಿ ಆಳವಾಗಿಯೂ ಎಣ್ಣೆ ಹನಿಸಿದ ಕಡೆ ಕಡಿಮೆಯಾಗಿಯೂ ಇರುತ್ತದೆ; ಎಲ್ಲೆಡೆ ಒಂದೇ ಸಮ ಕಿತ್ತಳೆ ಬಣ್ಣವಿದ್ದರೆ ಆಮ್ಲ ಬಳಿದಿರಬಹುದು.

ಕಾಗದಪತ್ರ ಕೊನೆಗೆ. ಉತ್ತರ ಕನ್ನಡವು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ 1954ರಲ್ಲಿ ಕಾರವಾರದಲ್ಲಿ ಮೊದಲು ನೋಂದಣಿಯಾಯಿತು ಎನ್ನುವ ಪುಸ್ತಕದಲ್ಲಿ ಆ ದಿನಾಂಕಕ್ಕೆ ಮೈಸೂರಿನ ಮೊಹರಿದ್ದರೆ ಅದು ಕಟ್ಟುಕತೆ. ಕೆಎ 30 ಅಥವಾ ಕೆಎ 31 ಸಂಖ್ಯೆಯಿದ್ದರೆ 1989ರ ನಂತರ ಮರುನೋಂದಣಿಯಾಗಿದೆ. ತಯಾರಿಕೆಯ ವರ್ಷವನ್ನು ಆಗ ಬಾಯಿಮಾತಿನ ಮೇಲೆ ಬರೆದಿರಬಹುದು. 2021ರ ವಿಂಟೇಜ್ ನೋಂದಣಿ ನಿಯಮ, ಗಾಡಿ ವಿಂಟೇಜ್ ಎನಿಸಲು ಬೇಕಾದ ಐವತ್ತು ವರ್ಷವನ್ನು ಮೊದಲ ನೋಂದಣಿಯಿಂದ ಎಣಿಸುವುದರಿಂದ, ಆ ಮೂಲ ಪುಟವನ್ನು ಕಣ್ಣಾರೆ ಕಾಣುವವರೆಗೆ ಮುಂಗಡ ಕೊಡಬೇಡಿ.