ಖಾರದ ಕ್ರೀಮಿ ಪಾಸ್ತಾ: ಬೇಯಿಸಿದ ನೀರು ಚೆಲ್ಲಬೇಡಿ

ಆಫೀಸಿನಿಂದ ತಡವಾಗಿ ಬಂದ ದಿನ ಇದನ್ನು ಮಾಡಿ ನೋಡಿ, 25 ನಿಮಿಷ ಸಾಕು. ಇಬ್ಬರಿಗೆ 200 ಗ್ರಾಂ ಪೆನ್ನೆ (ಕೊಳವೆಯಂಥ ಪಾಸ್ತಾ). ಅದು ಬೇಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಆರೇಳು ಎಸಳು, ಒಂದು ಈರುಳ್ಳಿ, ಎರಡು ಟೊಮೆಟೊ ಹಾಕಿ ಮೆತ್ತಗಾಗುವವರೆಗೆ ಬಾಡಿಸಿ, ಉಪ್ಪು, ಖಾರದ ಪುಡಿ ಸೇರಿಸಿ. ಬ್ಯಾಡಗಿ ಬಣ್ಣಕ್ಕೆ ಚೆನ್ನ, ಆದರೆ ಖಾರ ಕಡಿಮೆ ಅಲ್ವಾ, ಹಾಗಾಗಿ ಅರ್ಧ ಚಮಚ ಗುಂಟೂರು ಪುಡಿಯೂ ಬೇಕು.

ಪಾಸ್ತಾ ಬಸಿಯುವ ಮೊದಲು ಆ ನೀರು ಒಂದು ಲೋಟ ತೆಗೆದಿಡಿ, ಬಸಿದ ಪಾಸ್ತಾವನ್ನು ಟೊಮೆಟೊ ಸಾಸ್‌ಗೆ ಸೇರಿಸಿ. ತೆಗೆದಿಟ್ಟ ನೀರಿನಲ್ಲಿರುವ ಗಂಜಿಯಿಂದಲೇ ಸಾಸ್ ಗಟ್ಟಿಯಾಗಿ ಪಾಸ್ತಾಗೆ ಅಂಟಿಕೊಳ್ಳುವುದು, ಬೇಕಾದಷ್ಟೇ ಸ್ವಲ್ಪ ಸ್ವಲ್ಪ ಹಾಕಿ. ಕ್ರೀಮ್ ಮಾತ್ರ ಕೊನೆಗೆ, ಉರಿ ಪೂರ್ತಿ ಸಣ್ಣ ಮಾಡಿಕೊಂಡು, 100 ಮಿಲಿ. ಕ್ರೀಮ್ ಇಲ್ಲ ಅಂತ ಸುಮ್ನೆ ಹಾಲು ಸುರಿಯಬೇಡಿ, ಟೊಮೆಟೊ ಹುಳಿಗೆ ಒಡೆದುಹೋಗುತ್ತದೆ.