ಡೇಟಾ ಮನೆಯಲ್ಲಿ, ಬಾಡಿಗೆ ಬರೀ ದಾರಿಗೆ

ಮನೆಯವರ ಫೋಟೊ, ಕಾಗದಪತ್ರಗಳನ್ನು ಬಾಡಿಗೆ ಸರ್ವರ್‌ನಲ್ಲಿ ಇಡುವುದೋ ಮನೆಯಲ್ಲೇ ಇಡುವುದೋ ಎಂದು ತೂಗುವಾಗ ನಾನು ಮೊದಲು ಕೇಳಿಕೊಂಡಿದ್ದು ಇಷ್ಟೇ: ಬ್ರೌಸರ್‌ನಿಂದ ಸರ್ವರ್‌ವರೆಗೆ ಡೇಟಾವನ್ನು ಮುಚ್ಚಿ ಸಾಗಿಸುವ ಟಿಎಲ್‌ಎಸ್ ಎನ್‌ಕ್ರಿಪ್ಷನ್ ಬಿಚ್ಚಿಕೊಳ್ಳುವುದು ಯಾರ ಯಂತ್ರದಲ್ಲಿ? ವಿಪಿಎಸ್‌ನಲ್ಲಿ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಬಿಚ್ಚಿಕೊಂಡರೆ ಡಿಸ್ಕಿಗೆ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಬೀಗ ಹಾಕಿದರೂ ಹೆಚ್ಚು ಉಪಯೋಗವಿಲ್ಲ. ಯಂತ್ರ ಓಡುವಷ್ಟು ಹೊತ್ತೂ ಕೀಲಿ ರ‍್ಯಾಮ್‌ನಲ್ಲಿರುತ್ತದೆ, ಆ ರ‍್ಯಾಮ್ ಇರುವುದು ಬಾಡಿಗೆ ಕೊಟ್ಟವರ ಕೈಯಲ್ಲಿ.

ಆದ್ದರಿಂದ ಡೇಟಾ ಎಲ್ಲ ಮನೆಯ ಮಿನಿ ಪಿಸಿಯಲ್ಲಿದೆ. ಬಾಡಿಗೆಗೆ ಪಡೆದಿದ್ದು 1 ಜಿಬಿ ರ‍್ಯಾಮ್‌ನ ಸಣ್ಣ ವಿಪಿಎಸ್, ಅದೂ ಸಿಜಿನ್ಯಾಟ್ ಕಾಟಕ್ಕೆ, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ಐಪಿಯನ್ನು ಹಲವು ಮನೆಗಳಿಗೆ ಹಂಚುವುದರಿಂದ. ರೂಟರ್‌ನ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರ ಒಳಗಿದ್ದರೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ದಾರಿ ತೆರೆದರೂ ಹೊರಗಿನಿಂದ ಯಾರೂ ಒಳಬರಲಾರರು. ಮನೆಯಿಂದ ವಿಪಿಎಸ್‌ಗೆ ವೈರ್‌ಗಾರ್ಡ್ (ಒಂದು ವಿಪಿಎನ್ ತಂತ್ರಾಂಶ) ಸುರಂಗ ಹಾಕಿ, ಅದು ಮುಚ್ಚಿಹೋಗದಂತೆ ಆಗಾಗ ಸಣ್ಣ ಸಂದೇಶ ಕಳಿಸುವ ಕೀಪ್‌ಅಲೈವ್ ಅನ್ನು 25 ಸೆಕೆಂಡ್‌ಗೆ ಇಟ್ಟಿದ್ದೇನೆ. ವಿಪಿಎಸ್‌ನಲ್ಲಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್, ತನ್ನ ಸ್ಟ್ರೀಮ್ ಮಾಡ್ಯೂಲ್ ಮೂಲಕ ಎಚ್‌ಟಿಟಿಪಿಎಸ್ ಪೋರ್ಟ್ 443ಕ್ಕೆ ಬಂದದ್ದನ್ನು ಬಿಚ್ಚದೆ ಹಾಗೇ ಮನೆಗೆ ದಾಟಿಸುತ್ತದೆ. ಸೈಟ್ ನಮ್ಮದೇ ಎಂದು ಬ್ರೌಸರ್‌ಗೆ ತೋರಿಸುವ ಟಿಎಲ್‌ಎಸ್ ಸರ್ಟಿಫಿಕೇಟ್, ಅದರ ಕೀಲಿ ಎರಡೂ ಮನೆಯಲ್ಲೇ.

ಇಷ್ಟಾದರೂ ಯಾವ ಐಪಿಯಿಂದ, ಯಾವ ಹೊತ್ತಿಗೆ, ಎಷ್ಟು ಡೇಟಾ ಹೋಯಿತು ಎಂಬುದು ವಿಪಿಎಸ್ ಬಾಡಿಗೆ ಕೊಟ್ಟವರಿಗೆ ಕಾಣುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ವಿಪಿಎಸ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಐಪಿಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಇನ್ನೂ ಒಂದು ಅಪಾಯವನ್ನು ಬಹಳ ಮಂದಿ ಗಮನಿಸುವುದಿಲ್ಲ: ಡೊಮೇನ್ ತೋರಿಸುವ ಐಪಿ ಅವರದ್ದೇ ಆಗಿರುವುದರಿಂದ, ಆ ಐಪಿಯಲ್ಲಿ ಒಂದು ಫೈಲ್ ಇಟ್ಟು ತೋರಿಸುವ ಎಚ್‌ಟಿಟಿಪಿ ಪರಿಶೀಲನೆಯ ಮೂಲಕ ನಮ್ಮ ಹೆಸರಿಗೆ ಬೇರೊಂದು ಸರ್ಟಿಫಿಕೇಟ್ ಪಡೆಯಲು ಅವರಿಗೆ ಸಾಧ್ಯ. ಹಾಗಾಗಿ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ಅನ್ನು ಬೇರೆಯವರಲ್ಲಿಟ್ಟು, ಸರ್ಟಿಫಿಕೇಟ್ ಯಾರು ಕೊಡಬಹುದು ಎಂದು ಹೇಳುವ ಸಿಎಎ ದಾಖಲೆಯಲ್ಲಿ, ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ನನ್ನ ಖಾತೆಗೆ, ಡಿಎನ್‌ಎಸ್ ದಾಖಲೆಯಿಂದಲೇ ಪರಿಶೀಲಿಸುವ ಡಿಎನ್‌ಎಸ್-01 ವಿಧಾನಕ್ಕೆ ಮಾತ್ರ ಅನುಮತಿ ಎಂದು ಬರೆದೆ.

ವೇಗದ ಲೆಕ್ಕಕ್ಕೆ ನೋಡಬೇಕಾದ್ದು ಮನೆಯ ಅಪ್‌ಲೋಡ್. 50 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಸುಮಾರು 6 ಎಂಬಿ. ಫೋಟೊ ನೋಡಲು ಧಾರಾಳ, ದೊಡ್ಡ ವಿಡಿಯೊಗೆ ಸಾಲದು. ವಿಪಿಎಸ್ ಹತ್ತಿರವೇ ಇರಲಿ: ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ 200 ಕಿ.ಮೀ. ಸಾಗುತ್ತದೆ. ಬೆಂಗಳೂರಿನವರು ಫ್ರಾಂಕ್‌ಫರ್ಟ್‌ನಲ್ಲಿ ವಿಪಿಎಸ್ ತೆಗೆದುಕೊಂಡರೆ ಪ್ರತಿ ಹೋಗಿಬರುವಿಕೆಗೆ ಕನಿಷ್ಠ 70 ಮಿಲಿಸೆಕೆಂಡ್ ಖರ್ಚು. ಅಗ್ಗವೆಂದು ಅಲ್ಲಿ ತೆಗೆದುಕೊಳ್ಳುವುದು ನನಗೆ ಸರಿಕಾಣದು. ಮನೆಯೊಳಗಿದ್ದಾಗ ಸ್ಥಳೀಯ ಡಿಎನ್‌ಎಸ್ ಅದೇ ಹೆಸರಿಗೆ ಮಿನಿ ಪಿಸಿಯ ವಿಳಾಸ ಕೊಡುವಂತೆ ಮಾಡಿದರೆ ಗಿಗಾಬಿಟ್ ವೇಗವೇ ಸಿಗುತ್ತದೆ.

ಲಾಗಿನ್ ಪುಟ ತೆರೆದು, ಫೋಟೊಗಳು ಮಾತ್ರ ಅರ್ಧಕ್ಕೆ ನಿಂತರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) ನೋಡಿ. ವೈರ್‌ಗಾರ್ಡ್‌ನಲ್ಲಿ ಸಾಮಾನ್ಯವಾಗಿ 1420 ಇರುತ್ತದೆ. ಪಿಪಿಪಿಒಇ ಸಂಪರ್ಕದಲ್ಲಿ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ಬ್ರಾಡ್‌ಬ್ಯಾಂಡ್) ಸಿಗುವುದು 1492, ಅದರಲ್ಲಿ ಸುರಂಗಕ್ಕೆ ಬೇಕಾದ 80 ಕಳೆದು ಎರಡೂ ತುದಿಯಲ್ಲಿ 1412 ಹಾಕಬೇಕು.

ಮನೆಯ ಡಿಸ್ಕ್ ಕಳುವಾಗಬಹುದು, ಹಾಗಾಗಿ ಅದಕ್ಕೂ ಲಕ್ಸ್ ಬೇಕು. ಆದರೆ ಇಡೀ ಡಿಸ್ಕಿಗೆ ಹಾಕಿದರೆ ಕರೆಂಟ್ ಹೋಗಿಬಂದ ಮೇಲೆ ಯಂತ್ರ ಪಾಸ್‌ವರ್ಡ್ ಕಾಯುತ್ತಾ ಕೂರುತ್ತದೆ. ಸುರಂಗ ಇನ್ನೂ ಎದ್ದಿರದ ಕಾರಣ ಹೊರಗಿನಿಂದ ತಲುಪಲಾಗದು. ಡೇಟಾ ಡಿಸ್ಕನ್ನು ಬೇರೆ ಮಾಡಿ ಅದಕ್ಕಷ್ಟೇ ಬೀಗ ಹಾಕಿದೆ. ಆಗ ಯಂತ್ರ ತಾನೇ ಎದ್ದು ಸುರಂಗ ಹಾಕುತ್ತದೆ, ದೂರದಿಂದ ಆಜ್ಞೆ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಡಿಸ್ಕ್ ತೆರೆಯಬಹುದು. ಡಿಸ್ಕ್ ಮೌಂಟ್ ಆಗುವ (ಬಳಕೆಗೆ ಸಿಗುವ) ತನಕ, ಫೋಟೊ ಆ್ಯಪ್ ಓಡಿಸುವ ಡಾಕರ್ ಶುರುವಾಗದಂತೆ ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ವ್ಯವಸ್ಥೆ) ಕಟ್ಟುಹಾಕಿ. ಇಲ್ಲವಾದರೆ ಆ್ಯಪ್ ಖಾಲಿ ಫೋಲ್ಡರ್‌ನಲ್ಲಿ ಹೊಸ ಡೇಟಾಬೇಸ್ ಸೃಷ್ಟಿಸಿಬಿಡುತ್ತದೆ, ನೋಡಿದವರಿಗೆ ಫೋಟೊಗಳೆಲ್ಲ ಅಳಿಸಿಹೋದಂತೆ ಕಾಣುತ್ತದೆ.

ಬ್ಯಾಕಪ್‌ಗೆ ಮಾತ್ರ ಬಾಡಿಗೆ ಜಾಗವೇ ಮೇಲು. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಮನೆಯಲ್ಲೇ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತದೆ. ಅದರ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ಪೂ ಹೋದಂತೆಯೇ; ಕಾಗದದಲ್ಲಿ ಬರೆದು ಮಿನಿ ಪಿಸಿ ಇಲ್ಲದ ಬೇರೆ ಮನೆಯಲ್ಲಿ ಇಡಿ.