ಬೆರ್ಜೆರಾಕ್‌ನ ಕೆಂಪು, ಸಿಹಿ ಬಿಳಿ ವೈನ್: ಆರಿಸುವುದು ಹೇಗೆ, ಬಡಿಸುವುದು ಹೇಗೆ?

ಫ್ರಾನ್ಸಿನ ನೈಋತ್ಯದಲ್ಲಿ, ಬೋರ್ಡೋದಿಂದ ಪೂರ್ವಕ್ಕೆ, ದೋರ್ದೋನ್ ನದಿಯ ದಡದಲ್ಲಿದೆ ಬೆರ್ಜೆರಾಕ್. ದ್ರಾಕ್ಷಿಯ ತಳಿಗಳು ಹೆಚ್ಚುಕಡಿಮೆ ಬೋರ್ಡೋದವೇ. ಬೆಲೆ ಸಾಮಾನ್ಯವಾಗಿ ಕಡಿಮೆ. ಇಲ್ಲಿಯ ಸಿಹಿ ಬಿಳಿ ವೈನಿಗೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ ಎಂದೇ ನನಗನ್ನಿಸುತ್ತದೆ.

ಮೊದಲ ಕೆಲಸ, ಲೇಬಲ್ ಓದುವುದು. 'ಕೋಟ್ ದ ಬೆರ್ಜೆರಾಕ್' ಎಂಬ ಒಂದೇ ಹೆಸರಿನಲ್ಲಿ ಕೆಂಪು ವೈನೂ ಇದೆ, ಸಿಹಿ ಬಿಳಿಯೂ ಇದೆ. 'ಬೆರ್ಜೆರಾಕ್' ಪಕ್ಕದಲ್ಲಿ 'ಸೆಕ್' ಎಂದಿದ್ದರೆ ಅದು ಸಿಹಿಯಿಲ್ಲದ ಬಿಳಿ, ಸಿಹಿ ಬೇಕಾದವರು ಅದನ್ನು ಬಿಡಿ. 'ಮ್ವಾಲ್ಯೋ' ಎಂದಿದ್ದರೆ ಹದವಾದ ಸಿಹಿ. ಯುರೋಪಿನ ನಿಯಮದ ಪ್ರಕಾರ ಆ ಪದ ಬಳಸಲು ಲೀಟರಿಗೆ 12ರಿಂದ 45 ಗ್ರಾಂ ಸಕ್ಕರೆ ಇರಬೇಕು. ಇನ್ನೂ ಜಾಸ್ತಿ ಸಿಹಿ ಬೇಕಾ? ನದಿಯ ದಕ್ಷಿಣದ ಗುಡ್ಡಗಳ ಮೋಂಬಾಜಿಯಾಕ್ ಹುಡುಕಿ.

ಈ ಸಿಹಿ ದ್ರಾಕ್ಷಿಯದೇ. ಶರತ್ಕಾಲದ ಬೆಳಿಗ್ಗೆ ನದಿ ಕಡೆಯಿಂದ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು ಬರುತ್ತದೆ. ಆ ಹವೆಯಲ್ಲಿ ಬೋಟ್ರಿಟಿಸ್ ಎಂಬ ಬೂಷ್ಟು ಸೆಮಿಯೋನ್, ಸೋವಿನ್ಯೋನ್, ಮಸ್ಕಡೆಲ್ ಹಣ್ಣುಗಳ ಸಿಪ್ಪೆಯಲ್ಲಿ ಸಣ್ಣ ತೂತು ಮಾಡುತ್ತದೆ. ಒಳಗಿನ ನೀರು ಆರಿ, ಸಕ್ಕರೆಯೂ ಹುಳಿಯೂ ಗಟ್ಟಿಯಾಗುತ್ತವೆ. ಎಲ್ಲ ಹಣ್ಣಿಗೂ ಒಂದೇ ದಿನ ಬೂಷ್ಟು ಹಿಡಿಯುವುದಿಲ್ಲ. ಹಾಗಾಗಿ ಮೋಂಬಾಜಿಯಾಕ್‌ನಲ್ಲಿ ಒಂದೇ ತೋಟಕ್ಕೆ ಹಲವು ಸಲ ಹೋಗಿ ಕೈಯಲ್ಲೇ ಆರಿಸಿ ಕೊಯ್ಯುತ್ತಾರೆ. 1685ರಲ್ಲಿ 14ನೇ ಲೂಯಿ ಪ್ರಾಟೆಸ್ಟಂಟರಿಗಿದ್ದ ರಕ್ಷಣೆ ತೆಗೆದುಹಾಕಿದ ಮೇಲೆ ಇಲ್ಲಿಂದ ಹಾಲೆಂಡಿಗೆ ಹೋಗಿ ನೆಲೆಸಿದವರು ತಮ್ಮೂರಿನ ಈ ವೈನನ್ನು ಅಲ್ಲಿಗೂ ತರಿಸಿಕೊಂಡರು. ಡಚ್ಚರ ಬೇಡಿಕೆಯೇ ಇದನ್ನು ಬಹುಕಾಲ ಪೊರೆಯಿತು.

ಕೆಂಪಿನಲ್ಲಿ ಮೆರ್ಲೋ, ಎರಡು ಬಗೆಯ ಕ್ಯಾಬರ್ನೆ ಮತ್ತು ಮಾಲ್ಬೆಕ್ ಇರುತ್ತವೆ. ಎಳೆಯದಾದರೆ ನಾಲಿಗೆ ಮೇಲೆ ನೇರಳೆ ಹಣ್ಣಿನಂಥ ಒಗರು. ಅರ್ಧ ಗಂಟೆ ಮುಂಚೆ ಜಗ್ಗಿಗೆ ಸುರಿದಿಡಿ, ಒಗರು ಕೊಂಚ ತಗ್ಗುತ್ತದೆ. 16ರಿಂದ 18 ಡಿಗ್ರಿ ಇದಕ್ಕೆ ಸರಿ. ಸೆಕೆಯ ದಿನವಾದರೆ 20 ನಿಮಿಷ ಫ್ರಿಜ್ಜಿನಲ್ಲಿಡಿ. ಹುರಿದ ಮಾಂಸ, ಅಣಬೆ ಇದಕ್ಕೆ ಒಳ್ಳೆಯ ಜೊತೆ.

ಸಿಹಿ ಬಿಳಿಗೆ ಎರಡು ಮೂರು ಗಂಟೆ ಫ್ರಿಜ್ಜು ಬೇಕು, 8ರಿಂದ 10 ಡಿಗ್ರಿಗೆ. ಅದಕ್ಕಿಂತ ತಣ್ಣಗಾದರೆ ಜೇನು, ಏಪ್ರಿಕಾಟ್ ಪರಿಮಳವೇ ಏಳುವುದಿಲ್ಲ. ಕೆಂಪು ಮುಗಿದ ಮೇಲೆಯೇ ಇದನ್ನು ಸುರಿಯಿರಿ. ಸಿಹಿ ಮೊದಲು ಕುಡಿದರೆ ಕೆಂಪು ಬರೀ ಹುಳಿ ಎನ್ನಿಸುತ್ತದೆ. ಸಣ್ಣ ಲೋಟ, ಅರ್ಧ ಮಾತ್ರ ತುಂಬಿಸಿ.

ಜೊತೆಗೆ ರೋಕ್‌ಫೋರ್‌ನಂಥ ಉಪ್ಪುಪ್ಪಾದ ನೀಲಿ ಚೀಸ್ ಕೊಡಿ. ಉಪ್ಪು ಮತ್ತು ಸಿಹಿ ಇಷ್ಟು ಚೆನ್ನಾಗಿ ಕೂಡುವುದು ಅಪರೂಪ. ಆ ಸೀಮೆಯಲ್ಲಿ ಧಾರಾಳವಾಗಿ ಬೆಳೆಯುವ ಅಕ್ರೋಟ್ ಕೂಡ ಹೊಂದುತ್ತದೆ. ಜಾಮೂನು, ಮೈಸೂರುಪಾಕ್ ಮಾತ್ರ ಬೇಡ, ಅವುಗಳ ಮುಂದೆ ವೈನ್ ಸಪ್ಪೆಯಾಗುತ್ತದೆ.

ಉಳಿದರೆ ಎರಡಕ್ಕೂ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಡಿ. ಕೆಂಪನ್ನು ಎರಡು ಮೂರು ದಿನದಲ್ಲಿ ಮುಗಿಸಿ. ಸಿಹಿ ಬಿಳಿ ಒಂದು ವಾರದವರೆಗೆ ಚೆನ್ನಾಗಿರುತ್ತದೆ.